ಶುಭಾಶಯದಿಂದ ಕಾಣೆಯಾದ ಕೈ

ಜನನಿ ಕಣ್ಣೊರೆಸಿಕೊಳ್ಳುತ್ತ ಅಂಗಡಿಗೆ ಬಂದಾಗ ರಾಚಯ್ಯ ಕಾಳುಮೆಣಸು ಆರಿಸುತ್ತಿದ್ದ. ಗೂಡಲೂರಿನಲ್ಲಿ ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವನ ಬಳಿ ಬರುತ್ತಿದ್ದರು. ವ್ಯಾಪಾರ ಬಿಟ್ಟು ಊರ ಉಸಾಬರಿ ಹೊರುವ ಗಂಡನೆಂದು ಪುಟ್ಟಲಿಂಗಮ್ಮ ಗೊಣಗುತ್ತಿದ್ದಳು. ಆದರೆ ಪ್ರತಿ ಸಲವೂ ಮೊದಲು ಚಪ್ಪಲಿ ಮೆಟ್ಟುತ್ತಿದ್ದವಳು ಅವಳೇ.

ಈ ಸಲ ಕಳೆದದ್ದು ಒಂದು ಕೈ.

ಜನನಿಯೂ ಅವಳ ಜೊತೆಗಾರ ಪ್ರದೀಪನೂ ಶುಭಾಶಯ ಪತ್ರ ಕಳಿಸುವ ವೆಬ್‌ಸೈಟ್ ಕಟ್ಟುತ್ತಿದ್ದರು. ಫೋಟೊ, ಹೆಸರು ಹಾಕಿದರೆ ಚಂದದ ಪತ್ರ ಫೋನಿಗೆ ಹೋಗುತ್ತಿತ್ತು. ಜನನಿ ತನ್ನ ಬಡಗ ಸಮುದಾಯದ ಪದ್ಧತಿಯಂತೆ ಒಂದು ಚಿತ್ರ ಬರೆದಿದ್ದಳು: ಹರಸುವ ಹಿರಿಯರ ಕೈ, ಅದರಡಿ ಫೋಟೊಗೆ ಜಾಗ. ಮೊದಲ ಪತ್ರ ಅವಳನ್ನು ಸಾಕಿದ, ಹಾಲಿ ಎಂಬ ಹೆಸರಿನ ಅಜ್ಜನಿಗೆ. ನಾಳೆ ಅಜ್ಜನ ಹುಟ್ಟುಹಬ್ಬದಲ್ಲಿ ನೆಂಟರೆಲ್ಲರ ಎದುರು ಅದನ್ನು ತೆರೆಯಬೇಕಿತ್ತು. ಬೆಳಿಗ್ಗೆ ನೋಡಿದರೆ ಪತ್ರಕ್ಕೆ ಅಜ್ಜನ ಫೋಟೊ ಬಂದಿದೆ, ಕೈ ಮಾಯ.

ಜನನಿಯನ್ನು ಬಿಟ್ಟರೆ ವೆಬ್‌ಸೈಟಿನ ಒಳಹೊಕ್ಕು ಬದಲಿಸಬಲ್ಲವರು ಮೂವರೇ: ಪ್ರದೀಪ, ಬಣ್ಣ ತಿದ್ದುವ ದೇವಾಲ ಊರಿನ ಮಲರ್‌ಕೊಡಿ, ನೆಂಟರಿಷ್ಟರ ಫೋಟೊ ಹಾಕಿಕೊಡುವ, ಜನನಿಯ ಸೋದರಮಾವನ ಹೆಂಡತಿ ಕಲಾ. ಆ ಚಿತ್ರ ಹಳೇಕಾಲದ್ದೆಂದು ಪ್ರದೀಪ ಆಡಿಕೊಂಡಿದ್ದ. ಅವನದೇ ಕೆಲಸ, ಇವತ್ತೇ ಅವನ ಸಹವಾಸ ಬಿಡುತ್ತೇನೆ ಎಂದಳು ಜನನಿ.

ಆಫೀಸಿನಲ್ಲಿ ಪ್ರದೀಪ ಮುಖ ಊದಿಸಿಕೊಂಡು ಕೂತಿದ್ದ. ರಾಚಯ್ಯ ಕೇಳಿದ ತಕ್ಷಣ ಮಲರ್‌ಕೊಡಿ ಕೈಯ ಚಿತ್ರವನ್ನು ಹುಡುಕಿಕೊಟ್ಟಳು. ಯಾರೋ ಅದನ್ನು ಅಳಿಸದೆ ಬೇರೆ ಕಡೆ ಜೋಪಾನವಾಗಿ ಇಟ್ಟಿದ್ದರು. ಇಷ್ಟು ಬೇಗ ಸಿಕ್ಕಿತೆಂದರೆ ಇಟ್ಟವಳೂ ಇವಳೇ ಎಂದು ಪುಟ್ಟಲಿಂಗಮ್ಮ ಗಂಡನ ಕಿವಿಯಲ್ಲಿ ಉಸುರಿದಳು. ರಾಚಯ್ಯ ಉಳಿದ ಪತ್ರಗಳನ್ನು ತೆರೆಸಿದ. ಮಕ್ಕಳಿಗೆ ಹೋಗುವವುಗಳಲ್ಲಿ ಕೈ ಇತ್ತು. ಜನನಿಯ ಮುದಿ ಮೇಷ್ಟ್ರ ಪತ್ರದಲ್ಲಿ ಇರಲಿಲ್ಲ.

"ಚಿತ್ರ ಸರಿಯಾಗಿ ಕೂರುತ್ತಾ ಅಂತ ಯಾರ ಫೋಟೊ ಹಾಕಿ ನೋಡಿದ್ರಿ?"

ತನ್ನದೇ ಎಂದಳು ಜನನಿ. ಪ್ರದೀಪನೂ, ಮಲರ್‌ಕೊಡಿಯೂ ತಂತಮ್ಮದೇ ಎಂದರು. ರಾಚಯ್ಯ ಕಲಾಳನ್ನು ಕರೆಸಿದ.

ಎಲ್ಲರೂ ಕೂತ ಮೇಲೆ ಅವನು ಬಾಯಿಬಿಟ್ಟ. "ಕೆಡಿಸೋಕೆ ಬಂದವರು ಕೈಯನ್ನ ಜೋಪಾನ ಮಾಡ್ತಿರಲಿಲ್ಲ. ಮಕ್ಕಳ ಪತ್ರ ಮುಟ್ಟಲಿಲ್ಲ, ಹಿರಿಯರದ್ದು ಮಾತ್ರ ಮುಟ್ಟಿದಾರೆ. ಅಂದ್ರೆ ಹಿರಿಯರ ಫೋಟೊ, ಆ ಕೈ, ಎರಡನ್ನೂ ಒಟ್ಟಿಗೆ ನೋಡಿದವರು. ಚಿತ್ರ ಕೂರಿಸಿ ನೋಡಿದ ನೀವು ಮೂವರೂ ನಿಮ್ಮ ನಿಮ್ಮ ಮುಖವನ್ನೇ ನೋಡ್ಕೊಂಡ್ರಿ. ಅಜ್ಜನ ಫೋಟೊ ಹಾಕಿದವರು ಒಬ್ಬರೇ. ಮಲರ್‌ಕೊಡಿ, ಕೈ ವಾಪಸ್ ಇಡಮ್ಮ."

ಪರದೆಯ ಮೇಲೆ ಮುಂಡಾಸು ಸುತ್ತಿದ ಹಾಲಿ ಅಜ್ಜನ ತಲೆಗೆ ಕೈ ಬಂದು ಕೂತಿತು. ಕೆಳಗೆ ವೆಬ್‌ಸೈಟ್ ತಾನಾಗಿ ಬರೆದ ಸಾಲಿತ್ತು: ಹರಸುವವರು, ಜನನಿ.

ಜನನಿಗೆ ಆಗ ಹೊಳೆಯಿತು. ಹಿರಿಯರ ಮುಂದೆ ಕಿರಿಯರು ತಲೆ ಬಾಗಬೇಕಾದ ಕಡೆ, ಮೊಮ್ಮಗಳು ಅಜ್ಜನನ್ನೇ ಹರಸಲು ಹೊರಟಿದ್ದಳು, ಅದೂ ನೆಂಟರೆಲ್ಲರ ಎದುರು.

"ಒಂದು ಮಾತು ಹೇಳಬಾರದಿತ್ತಾ ಮಾಮಿ?" ಎಂದು ಕಲಾಳನ್ನು ಕೇಳಿದಳು.

"ಹೇಳೋಕೆ ಬಂದಿದ್ದೆ," ಎಂದಳು ಕಲಾ. "ಇದೆಲ್ಲ ನಿಮಗೆ ಗೊತ್ತಾಗಲ್ಲ ಅಂದುಬಿಟ್ಟೆ ನೀನು. ಅಷ್ಟು ಆಸೆಯಿಂದ ಬರೆದ ಕೈಯನ್ನ ಎಸೆಯೋಕೂ ಮನಸ್ಸು ಬರಲಿಲ್ಲ."

ಜನನಿ ಮೊದಲು ಪ್ರದೀಪನ ಕ್ಷಮೆ ಕೇಳಿದಳು. ಅವನೇನೂ ಬಿಗುಮಾನ ಮಾಡಲಿಲ್ಲ. ಹಿರಿಯರಿಗೆ ಕಳಿಸುವಾಗ ಕಳಿಸುವವರ ಫೋಟೊವೇ ಕೈಯಡಿ ಬರುವಂತೆ ಸಂಜೆಯೊಳಗೆ ಬದಲಿಸಿದ. ಮಲರ್‌ಕೊಡಿಯನ್ನು ಸುಮ್ಮನೆ ಅನುಮಾನಿಸಿದ ಪುಟ್ಟಲಿಂಗಮ್ಮ ಅವಳಿಗೆ ಒಂದು ಪೊಟ್ಟಣ ಮೆಣಸು ಕಟ್ಟಿಕೊಟ್ಟಳು.

ಮರುದಿನ ಹಾಲಿ ಅಜ್ಜ ಫೋನಿನಲ್ಲಿ ತಲೆಬಾಗಿದ ಮೊಮ್ಮಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೋನು ಪಕ್ಕಕ್ಕಿಟ್ಟು, ಎದುರಿದ್ದ ಜನನಿಯ ತಲೆಯ ಮೇಲೆ ಕೈಯಿಟ್ಟರು. "ಬದುಕು, ಬದುಕು."

ಜನನಿ ಎದ್ದವಳು ನೇರ ಒಲೆಯ ಬಳಿ ಹೋದಳು. ಕಲಾ ಸಾರು ಬಡಿಸುತ್ತಿದ್ದಳು. ನೆಂಟರೆಲ್ಲ ನೋಡುತ್ತಿದ್ದಂತೆ ಜನನಿ ಅವಳ ಮುಂದೆ ತಲೆ ಬಾಗಿ ನಿಂತಳು. ಕಲಾ ಸೌಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಆ ಕೈಯನ್ನು ಅವಳ ತಲೆಯ ಮೇಲಿಟ್ಟಳು.