ಟ್ರೇಲರಿನ ಹಿಂಬದಿಯ ಇಂಗ್ಲಿಷು

ಅಳು ಬರುವ ಹೊತ್ತಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದಕ್ಕೂ ಪುಣ್ಯ ಮಾಡಿರಬೇಕು. ಗಂಗಾ ಅಷ್ಟು ಪುಣ್ಯ ಮಾಡಿರಲಿಲ್ಲ. ಬೈಲಹೊಂಗಲದಿಂದ ಸಂಗೊಳ್ಳಿಗೆ ಹೊರಟ ಸಂಜೆಯ ಬಸ್ಸಿನಲ್ಲಿ ಡ್ರೈವರನ ಹಿಂದೆ ಕಂಬ ಹಿಡಿದು ನಿಂತಿದ್ದಳು. ವ್ಯಾನಿಟಿ ಬ್ಯಾಗಿನಲ್ಲಿ ಧಾರವಾಡದಿಂದ ಬಂದ ಲಕೋಟೆಯಿತ್ತು. ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡನೆಯ ಸಲವೂ ಫೇಲು.

ಅದು ಎರಡು ಸಾವಿರದ ಮೂರರ ಡಿಸೆಂಬರ್. ಗಂಗಾ ಬೈಲಹೊಂಗಲದ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಎ ಬಿ ಸಿ ಕಲಿಸುತ್ತಿದ್ದಳು. ಹೈಸ್ಕೂಲಿನ ಮಕ್ಕಳಿಗೆ ಕಲಿಸಬೇಕೆಂಬುದು ಅವಳ ಆಸೆ. ಈ ಪರೀಕ್ಷೆ ಪಾಸಾದರೆ ಆ ಕ್ಲಾಸು ಕೊಡುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಉಳಿದದ್ದೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ಕಾಲಿಗೆ ತೊಡರುತ್ತಿದ್ದದ್ದು ಫ್ರೇಸಲ್ ವರ್ಬ್‌ಗಳು ಮಾತ್ರ. ಪುಟ್ ಎಂದರೆ ಇಡುವುದು, ಸರಿ. ಅದರ ಬಾಲಕ್ಕೆ ಆಫ್ ಹಚ್ಚಿದರೆ ಮುಂದೂಡುವುದಂತೆ, ಅಪ್ ವಿತ್ ಹಚ್ಚಿದರೆ ಸಹಿಸಿಕೊಳ್ಳುವುದಂತೆ. ತವರಿನಲ್ಲಿ ಒಂದು ಗುಣ, ಗಂಡನ ಮನೆಯಲ್ಲಿ ಇನ್ನೊಂದು ಗುಣ ತೋರಿಸುವ ಸೊಸೆಯನ್ನು ಹೇಗೆ ನಂಬುವುದು ಎಂದು ಅವಳು ನಗಾಡಿದ್ದೂ ಉಂಟು. ಅವತ್ತು ಮಾತ್ರ ನಗು ಬರಲಿಲ್ಲ.

ಊರ ಹೊರಗಿನ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ಮುಂದೆ ಕಬ್ಬು ಇಳಿಸಿ ಬರುತ್ತಿದ್ದ ಖಾಲಿ ಟ್ರೇಲರು ರಸ್ತೆಯೆಲ್ಲ ತನ್ನದೇ ಎಂಬಂತೆ ಹೊರಟಿತ್ತು. ಅದರ ಹಿಂಬದಿಯ ತಗಡಿನ ಮೇಲೆ ಸೀಮೆಸುಣ್ಣದಲ್ಲಿ 214 ಎಂಬ ನಂಬರು. ಕೆಳಗೆ ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಎರಡೇ ಶಬ್ದ: ಗಿವ್ ಅಪ್.

ಕೈಬಿಡು. ಇದೊಂದರ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಊರಿಗೂರೇ ತನ್ನ ಲಕೋಟೆ ಒಡೆದು ಓದಿ ಬುದ್ಧಿ ಹೇಳಿದಂತಾಗಿ ಮೈಯೆಲ್ಲ ಉರಿಯಿತು.

ಆ ಟ್ರೇಲರು ಹೋಗಿ ನಿಂತದ್ದು ಅವಳ ಮನೆಯ ಎದುರಿಗೇ. ಅದು ಎದುರು ಮನೆಯ ಮಡಿವಾಳೆಪ್ಪ ಕಾಕಾನದು; ಸೀಸನ್ ಮುಗಿಯುವವರೆಗೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬಿನ ಗಾಡಿ ಹೊಡೆಯುವುದು ಅವನ ಕೆಲಸ. ಅವನು ಮುಖ ತೊಳೆಯಲು ಒಳಗೆ ಹೋದದ್ದೇ ತಡ, ಗಂಗಾ ಬ್ಯಾಗಿನಿಂದ ಕೆಂಪು ಸೀಮೆಸುಣ್ಣ ತೆಗೆದಳು. ‘ಐ ವಿಲ್ ನಾಟ್ ಗಿವ್ ಅಪ್’ ಎಂದು, ಫೇಲಾದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಬರೆದಳು. ಕೆಳಗೆ ಸಹಿಯ ಜಾಗದಲ್ಲಿ, ಧಾರವಾಡದ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದ ಟೀಚರಮ್ಮ ಎಂದೂ ಇಂಗ್ಲಿಷಿನಲ್ಲೇ ಸೇರಿಸಿದಳು. ಬರೆದ ಮೇಲೆ ಮನಸ್ಸು ಹಗುರವಾಗಿ ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ಎರಡು ದಿನಕ್ಕೆ ಟ್ರೇಲರು ಉತ್ತರ ಹೊತ್ತು ಬಂತು. ಹೊಸ ನಂಬರಿನ ಕೆಳಗೆ ತಗಡಿನ ಉದ್ದಕ್ಕೂ ಇಂಗ್ಲಿಷು. ಅದರ ಸಾರ ಇಷ್ಟು: ಕ್ಷಮಿಸಿ ಮೇಡಂ, ಅದು ನಿಮಗೆ ಹೇಳಿದ್ದಲ್ಲ. ನಾನು ಫ್ಯಾಕ್ಟರಿಯ ಯಾರ್ಡಿನಲ್ಲಿ ಗಾಡಿಗಳಿಗೆ ಸರದಿ ನಂಬರು ಹಾಕುವವನು, ನಾನೂ ಅದೇ ಪರೀಕ್ಷೆಗೆ ಓದುತ್ತಿದ್ದೇನೆ. ನಂಬರಿಗೊಂದು ಶಬ್ದ ಬರೆದರೆ ನೆನಪು ಉಳಿಯುತ್ತದೆ. ಕೊನೆಗೆ ದೊಡ್ಡದಾಗಿ, ‘ಕ್ಯಾರಿ ಆನ್’. ಮುಂದುವರಿಸಿ.

ಗಂಗಾ ರಸ್ತೆಯಲ್ಲೇ ನಿಂತು ಮೂರು ಸಲ ಓದಿದಳು. ದಿನಕ್ಕೆ ನೂರಾರು ಗಾಡಿ, ನೂರಾರು ನಂಬರು, ನೂರಾರು ಶಬ್ದ. ಬಿಸಿಲಲ್ಲಿ, ಧೂಳಲ್ಲಿ, ಡ್ರೈವರುಗಳ ಬೈಗುಳದ ನಡುವೆ ನಿಂತು ಕಲಿಯುವವನು ಅವನು. ತಾನು ಫ್ಯಾನಿನ ಕೆಳಗೆ ಕುಳಿತು ಓದಿಯೂ ಅತ್ತೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಅಲ್ಲಿಂದ ಶುರುವಾಯಿತು. ಅವನು ಶಬ್ದ ಕಳಿಸುತ್ತಿದ್ದ, ಅವಳು ಅದರ ಕೆಳಗೆ ವಾಕ್ಯ ಬರೆದು ಕಳಿಸುತ್ತಿದ್ದಳು. ಅವನು ‘ಲುಕ್ ಆಫ್ಟರ್’ ಎಂದು ಬರೆದರೆ ಇವಳು, ‘ನಮ್ಮವ್ವ ಎರಡು ಎಮ್ಮೆಗಳನ್ನೂ ಒಬ್ಬ ಮಗಳನ್ನೂ ನೋಡಿಕೊಳ್ಳುತ್ತಾಳೆ, ಇದೇ ಕ್ರಮದಲ್ಲಿ’ ಎಂದು ಇಂಗ್ಲಿಷಿನಲ್ಲಿ ಬರೆದಳು. ಮರುಸಲ ಟ್ರೇಲರು ಬಂದಾಗ ಆ ವಾಕ್ಯದ ಮುಂದೆ, ‘ಎಮ್ಮೆಗಳು ಪುಣ್ಯ ಮಾಡಿವೆ, ಮಗಳ ಬಗ್ಗೆ ಇನ್ನಷ್ಟು ತಿಳಿಸಿ’ ಎಂದಿತ್ತು. ಒಮ್ಮೆ ‘ರನ್ ಔಟ್ ಆಫ್’ ಬರೆದು, ನನ್ನ ಸೀಮೆಸುಣ್ಣ ತೀರಿ ಎಂಬಲ್ಲಿಗೆ ವಾಕ್ಯವನ್ನು ನಿಲ್ಲಿಸಿಬಿಟ್ಟಿದ್ದ. ಅವತ್ತು ತಾಯಿ ಸಿದ್ದಲಿಂಗವ್ವ, "ಒಬ್ಬಾಕಿನ ನಿಂತು ಯಾಕ ನಗಾಕ ಹತ್ತಿ?" ಎಂದು ಕೇಳಿದ್ದಳು.

"ಪಾಠ ನೆನಪಾತವ್ವ."

"ಅಂಥಾ ನಗೂ ಪಾಠ ನಮ್ಮ ಸಾಲ್ಯಾಗ ಇರಲಿಲ್ಲ ಬಿಡು."

ಅವನ ಕೈಬರಹ ಅವಳಿಗೆ ಬಾಯಿಪಾಠವಾಯಿತು. ಏಳರ ನಡುವಿಗೆ ಒಂದು ಅಡ್ಡಗೆರೆ ಎಳೆಯುತ್ತಿದ್ದ. ತಪ್ಪಾದದ್ದನ್ನು ಒರೆಸಿ ಮುಚ್ಚುತ್ತಿರಲಿಲ್ಲ. ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದ. ಕೈಯಲ್ಲಿ ಸೀಮೆಸುಣ್ಣ, ಓದುವುದಕ್ಕೆ ಒಬ್ಬ ಹುಡುಗಿ, ಇಷ್ಟು ಸಿಕ್ಕರೆ ಬೇರೆ ಯಾವನಾದರೂ ಬಾಣ ಹೊಡೆದ ಹೃದಯವನ್ನೇ ಬರೆದು ಕಳಿಸುತ್ತಿದ್ದ. ಇವನು ಒಂದೇ ಒಂದು ಹಗುರ ಮಾತು ಬರೆಯಲಿಲ್ಲ. ಮುಖ ಕಾಣದ ಆ ಮನುಷ್ಯನ ಮೇಲೆ ಅವಳಿಗೆ ಮೊದಲು ಗೌರವ ಹುಟ್ಟಿತು, ಆಮೇಲೆ ಪ್ರೀತಿ. ಅದನ್ನು ತನಗೆ ತಾನೇ ಒಪ್ಪಿಕೊಳ್ಳುವುದಕ್ಕೆ ಒಂದು ತಿಂಗಳು ಹಿಡಿಯಿತು.

ಪರೀಕ್ಷೆಗೆಂದು ಅವಳು ಮಾಡಿಕೊಂಡಿದ್ದ ಶಬ್ದಗಳ ಪಟ್ಟಿಯಲ್ಲಿ ಒಂದಕ್ಕೆ ಮಾತ್ರ ವಾಕ್ಯ ಹೊಳೆದಿರಲಿಲ್ಲ: ‘ಡು ವಿದೌಟ್’. ಇಲ್ಲದೆ ನಡೆಸುವುದು. ಉಪ್ಪಿಲ್ಲದೆ ನಡೆಯದು ಎಂದು ಪುಸ್ತಕ ಹೇಳುತ್ತಿತ್ತು. ಉಪ್ಪಿನ ಮಾತು ಅವಳಿಗೆ ಸಪ್ಪೆ ಎನಿಸಿತು.

ಫೆಬ್ರುವರಿಯಲ್ಲಿ ಅವಳು ಗಟ್ಟಿ ಮನಸ್ಸು ಮಾಡಿದಳು. ಮಾರ್ಚಿನಲ್ಲಿ ಸೀಸನ್ ಮುಗಿದರೆ ಟ್ರೇಲರೂ ಇಲ್ಲ, ನಂಬರೂ ಇಲ್ಲ, ಅವನೂ ಇಲ್ಲ. ಹೆಸರು ಗೊತ್ತಿಲ್ಲದ ಗಂಡಸಿನ ಬಗ್ಗೆ ಮಡಿವಾಳೆಪ್ಪ ಕಾಕಾನನ್ನು ಕೇಳಿದರೆ ಸಂಜೆಯೊಳಗೆ ಊರ ಕಟ್ಟೆಗೆ ಸುದ್ದಿ ಮುಟ್ಟುತ್ತದೆ. ಹಾಗಾಗಿ ತಗಡಿನ ಮೇಲೆಯೇ ಕೇಳಿದಳು: ‘ಮಾರ್ಚ್ ಹದಿನಾಲ್ಕರ ಪರೀಕ್ಷೆಗೆ ಧಾರವಾಡಕ್ಕೆ ಬರುತ್ತೀರಾ? ಅಲ್ಲಿ ಭೇಟಿಯಾಗಬಹುದೇ?’

ಟ್ರೇಲರು ಬಂತು. ನಂಬರೊಂದನ್ನು ಬಿಟ್ಟು ತಗಡು ಬೋಳಾಗಿತ್ತು.

ಮರುಸಲವೂ ಬೋಳು. ಅದರ ಮರುಸಲವೂ. ಹೆಣ್ಣಾಗಿ ತಾನೇ ಮೊದಲು ಕೇಳಬಾರದಿತ್ತು, ಅಷ್ಟು ಮರ್ಯಾದಸ್ಥ ಮನುಷ್ಯ ತನ್ನನ್ನು ಏನೆಂದು ತಿಳಿದನೋ ಎಂದು ಅವಳು ದಿಂಬಿಗೆ ಮುಖ ಒತ್ತಿ ಅತ್ತಳು. ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಶಬ್ದಗಳ ಪಟ್ಟಿಯನ್ನು ಕಿತ್ತು ಒಲೆಯ ಬಾಯಿಗೆ ಒಯ್ದು, ಸುಡಲಾರದೆ ಸೆರಗಿನಲ್ಲಿ ಸುತ್ತಿಟ್ಟಳು. ಪರೀಕ್ಷೆಗೆ ಹೋಗುವುದೇ ಬೇಡ ಎನಿಸತೊಡಗಿತು.

ಮಾರ್ಚಿನ ಮೊದಲ ಭಾನುವಾರ ಅವಳ ತಂದೆ ಸೋಮಪ್ಪನ ಹೊಲದ ಕಡೆಯ ಕಬ್ಬು ಕಡಿದು ಮುಗಿಯಿತು. ಕಡೆಯ ಲೋಡು ಎಂದರೆ ಆ ಕಡೆ ಹಬ್ಬವಿದ್ದಂತೆ. ಟ್ರ್ಯಾಕ್ಟರಿಗೆ ಕಬ್ಬಿನ ಗರಿ, ಚೆಂಡುಹೂವಿನ ಮಾಲೆ ಕಟ್ಟಿ, ಫ್ಯಾಕ್ಟರಿಯ ಯಾರ್ಡಿನಲ್ಲಿ ಕಾಯಿ ಒಡೆದು ಬರುವುದು ಪದ್ಧತಿ. ಕಾಯಿ ಒಯ್ಯುವವರು ಗಂಡಸರು.

"ಅಪ್ಪಾ, ಈ ಸಲ ಕಾಯಿ ನಾ ಹಿಡಕೊಂಡು ಬರತೇನಿ," ಎಂದಳು ಗಂಗಾ.

ಸೋಮಪ್ಪ ಮಗಳ ಮುಖ ನೋಡಿದ. ಮೂರು ವಾರದಿಂದ ಬಾಡಿದ್ದ ಮುಖ. "ಬಾ. ಹೊಲಕ್ಕ ನೀರ ಬಿಡೂವಾಗ ನೀನೂ ಎದ್ದ ಬಂದೀದಿ," ಎಂದ.

ಟ್ರ್ಯಾಕ್ಟರಿನ ಒಂದು ಮಗ್ಗುಲಿಗೆ ಅಪ್ಪ, ಇನ್ನೊಂದು ಮಗ್ಗುಲಿಗೆ ಕಾಯಿ ಹಿಡಿದ ಮಗಳು. ನಡುವೆ ಸ್ಟೇರಿಂಗ್ ಹಿಡಿದ ಮಡಿವಾಳೆಪ್ಪ ಬಾಯಿಗೆ ಬೀಗ ಹಾಕಿಕೊಳ್ಳುವ ಜಾತಿಯವನಲ್ಲ.

"ಸೋಮಪ್ಪಣ್ಣ, ನಿನಗೊಂದ ಗುಟ್ಟ ಹೇಳತೇನಿ. ನಮ್ಮ ಗಾಡಿ ಮ್ಯಾಲ ಇಂಗ್ಲೀಷ ಬರೀತಾರ ನೋಡು, ಅದು ಆಫೀಸಿನ ಗುರತ. ಇಂಗ್ಲೀಷ ಇದ್ದ ಗಾಡಿ ಲಗೂ ತೂಕದ ಕಾಂಟಾಕ್ಕ ಹೋಗತೈತಿ."

"ಹೌದೇನ?"

"ಮತ್ತ? ಆ ಶಟ್ಟೆಪ್ಪ ಅದನ್ನ ನೋಡಿ ತನ್ನ ಗಾಡಿ ಮ್ಯಾಲೂ ಹಂಗ ಗೀಚಕೊಂಡ. ಕಳ್ಳ. ಅವತ್ತಿಂದ ನಾ ಏನ ಮಾಡತೇನಿ ಅಂದ್ರ, ಯಾರ್ಡ್ ದಾಟೂದ ತಡ, ಹಸೀ ಅರಬಿಲೆ ಎಲ್ಲಾ ವರಸಿಬಿಡತೇನಿ. ನಂಬರ ಅಷ್ಟ ಬಿಡತೇನಿ. ಈಗ ಗೀಚಕೋ ಅನ್ನು ಅವಗ."

ಗಂಗಾಳ ಕೈಯಿಂದ ಕಾಯಿ ಜಾರುವುದರಲ್ಲಿತ್ತು. "ಯಾವಾಗಿಂದ ವರಸಾಕ ಹತ್ತಿ ಕಾಕಾ?"

"ಮೂರ ವಾರ ಆತವಾ."

ಸಿಟ್ಟು ಬರಬೇಕಿತ್ತು. ಬದಲಿಗೆ, ಹಾಗಾದರೆ ಅವನು ಬರೆದಿದ್ದನೇನೋ ಎಂಬ ಆಸೆ ಹುಟ್ಟಿತು. ಎಂ.ಕೆ. ಹುಬ್ಬಳ್ಳಿ ಇಷ್ಟು ದೂರ ಯಾಕೆ, ಟ್ರ್ಯಾಕ್ಟರು ಇಷ್ಟು ನಿಧಾನ ಯಾಕೆ ಎಂದು ಅವಳು ದಾರಿಯುದ್ದಕ್ಕೂ ಚಡಪಡಿಸಿದಳು.

ಯಾರ್ಡಿನ ತುಂಬ ಗಾಡಿಗಳ ಸಾಲು. ಕಬ್ಬಿನ ಹಾಲಿನ ಸಿಹಿ ವಾಸನೆ ಮೂಗಿಗೆ ಅಡರುತ್ತಿತ್ತು. ಅಪ್ಪ ಮತ್ತು ಮಡಿವಾಳೆಪ್ಪ ಚೀಟಿ ತರಲು ಹೋದರು. ತೆಳ್ಳಗಿನ, ಎತ್ತರದ ಒಬ್ಬ ಯುವಕ ಸಾಲಿನ ಗುಂಟ ನಂಬರು ಹಾಕುತ್ತ ಬಂದ. ಖಾಕಿ ಅಂಗಿ, ಎಡಗೈಯಲ್ಲಿ ಸೀಮೆಸುಣ್ಣ, ಹುಬ್ಬಿನ ಮೇಲೂ ಸುಣ್ಣದ ಪುಡಿ. ಇವರ ಟ್ರೇಲರಿನ ಹಿಂದೆ ನಿಂತು 97 ಎಂದು ಬರೆದ. ಏಳರ ನಡುವಿಗೆ ಅಡ್ಡಗೆರೆ ಎಳೆದ. ಕೆಳಗಿನ ಖಾಲಿ ತಗಡನ್ನು ಒಂದು ಗಳಿಗೆ ನೋಡಿ ಮುಂದಕ್ಕೆ ಹೊರಟ.

"ಕೆಳಗ ಏನೂ ಬರಿಯೂದಿಲ್ಲೇನ್ರಿ ಇವತ್ತ?" ಎಂದಳು ಗಂಗಾ.

ಅವನು ತಿರುಗದೆಯೇ, "ಓದಾವರು ಓದೂದು ಬಿಟ್ಟಾರ್ರಿ," ಎಂದ.

"ಬಿಟ್ಟಿಲ್ಲರಿ. ಮಡಿವಾಳೆಪ್ಪ ಕಾಕಾ ಹಾದ್ಯಾಗ ಎಲ್ಲಾ ವರಸ್ಯಾನು. ನನಗ ಗೊತ್ತಾಗಿದ್ದು ಇವತ್ತ."

ಅವನು ತಿರುಗಿದ. ಮೊದಲು ಅವಳ ಬೆರಳುಗಳನ್ನು ನೋಡಿದ, ಅಲ್ಲಿ ಕೆಂಪು ಸುಣ್ಣದ ಕಲೆಯಿತ್ತು. ಆಮೇಲೆ ಮುಖ ನೋಡಿದ. ನೋಡಿದ ಮೇಲೆ ಕಣ್ಣು ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ಬೆರಳುಗಳಿಗೇ ಬಂದ. ಅಷ್ಟು ಚಂದದ ಸಂಕೋಚವನ್ನು ಗಂಗಾ ಯಾವ ಗಂಡಸಿನ ಮುಖದಲ್ಲೂ ಕಂಡಿರಲಿಲ್ಲ.

"ನಾಕ ಸಲ ಬರದೇನ್ರಿ," ಎಂದ ಮೆಲ್ಲಗೆ.

"ಏನಂತ?"

"ಮೊದಲನೇ ಸಲ, ಬರತೇನಿ ಅಂತ. ಎರಡನೇ ಸಲ, ಒಂಬತ್ತಕ್ಕ ಗೇಟಿನ ಹತ್ರ ನಿಂತಿರತೇನಿ ಅಂತ. ಮೂರನೇ ಸಲ, ಸಿಟ್ಟಾಗೀರೇನು ಅಂತ."

"ನಾಕನೇ ಸಲ?"

"ಅದನ್ನ ಬಾಯಿಲೆ ಹೇಳಾಕ ಆಗೂದಿಲ್ಲರಿ."

ಗಂಗಾ ಬ್ಯಾಗಿನಿಂದ ಕೆಂಪು ಸೀಮೆಸುಣ್ಣ ತೆಗೆದು ಚಾಚಿದಳು. "ಹಂಗಾರ ಬರೀರಿ. ಓದಾಕ ನಾ ಇಲ್ಲೇ ನಿಂತೇನಿ."

ಅವನು ಬರೆದ. ಅಕ್ಷರಗಳು ಎಂದಿನಷ್ಟು ದುಂಡಗೆ ಬರಲಿಲ್ಲ. ‘ಐ ಕಾಂಟ್ ಡು ವಿದೌಟ್ ಯು.’ ನೀವಿಲ್ಲದೆ ನನಗೆ ನಡೆಯದು. ಎರಡು ತಿಂಗಳಿಂದ ಹುಡುಕುತ್ತಿದ್ದ ವಾಕ್ಯ ಅವಳ ಕಣ್ಣೆದುರಿಗೇ ಇತ್ತು. ಸುಣ್ಣ ಇಸಿದುಕೊಂಡು ಅದರ ಕೆಳಗೆ ಅವಳು ಬರೆದಳು: ‘ನಾರ್ ಕ್ಯಾನ್ ಐ.’ ನನಗೂ ನಡೆಯದು.

"ಏನ ಬರದಿ ಅದು?"

ಸೋಮಪ್ಪ ಹಿಂದೆಯೇ ನಿಂತಿದ್ದ. ಆಫೀಸಿನ ಗುರುತು ಎಂದರೆ ಮುಗಿಯುತ್ತಿತ್ತು. ಅಪ್ಪನಿಗೆ ಇಂಗ್ಲಿಷು ಓದಲು ಬಾರದು. ಗಂಗಾಳಿಗೆ ಆ ಸುಳ್ಳು ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ತಪ್ಪನ್ನೂ ಒರೆಸದೆ ಬರೆಯುವ ಮನುಷ್ಯನ ಎದುರಿಗೆ ಸುಳ್ಳು ಹೇಳುವುದು ಅವಳಿಂದಾಗಲಿಲ್ಲ.

"ಇವರು ನಾ ಇಲ್ಲದ ನಡಿಯೂದಿಲ್ಲ ಅಂತ ಬರದಾರಪ್ಪ. ನನಗೂ ನಡಿಯೂದಿಲ್ಲ ಅಂತ ನಾ ಬರದೇನಿ."

ಸೋಮಪ್ಪ ಆ ಹುಡುಗನ ಕಡೆ ತಿರುಗಿದ. "ಯಾವೂರಪಾ ನಿಂದು?"

"ರಾಮದುರ್ಗದ ಕಡಿಯಾಂವ್ರಿ. ಬಾಳೇಶ ಅಂತಾರ್ರಿ."

ಗಂಗಾ ಆ ಹೆಸರನ್ನು ಕೇಳಿದ್ದು ಅದೇ ಮೊದಲು. ಮನಸ್ಸಿನಲ್ಲೇ ಒಂದು ಸಲ ಅಂದುಕೊಂಡಳು.

"ಅಕಿ ಮೂರ ವಾರ ಸರಿಯಾಗಿ ಉಂಡಿಲ್ಲ. ಕಾರಣಾ ಇದ ಏನು?" ಎಂದ ಸೋಮಪ್ಪ. ಅವನು ಟ್ರ್ಯಾಕ್ಟರಿನ ಮುಂದೆ ಹೋಗಿ, ಕಾಯಿ ಒಡೆದು, ಬಂದು ಒಂದು ಹೋಳನ್ನು ಬಾಳೇಶನ ಕೈಯಲ್ಲಿಟ್ಟ. "ಮೊದಲ ಇಬ್ಬರೂ ಪರೀಕ್ಷಾ ಬರೀರಿ. ಆಮ್ಯಾಲ ಹಿರ್ಯಾರ್ನ ಕರಕೊಂಡು ಮನಿಗೆ ಬಾ."

ಕಬ್ಬು ಇಳಿಸಿ ಯಾರ್ಡ್ ದಾಟಿದಾಗ ಮಡಿವಾಳೆಪ್ಪ ರೂಢಿಯಂತೆ ಹಸಿ ಬಟ್ಟೆ ಹಿಡಿದು ಇಳಿದ. ಸೋಮಪ್ಪ ಅವನ ಕೈ ಹಿಡಿದ.

"ಇವತ್ತೊಂದಿನ ಬಿಡೋ ಮಾರಾಯಾ."

"ಶಟ್ಟೆಪ್ಪ ನೋಡತಾನಣ್ಣ."

"ನೋಡಲಿ ಬಿಡು."

ಮುಂದಿನ ಭಾನುವಾರ ಬೆಳಗ್ಗೆ ಗಂಗಾ ಧಾರವಾಡಕ್ಕೆ ಹೊರಟಳು. ಕಿಟಕಿ ಪಕ್ಕದ ಸೀಟೇ ಸಿಕ್ಕಿತ್ತು, ಅಳು ಮಾತ್ರ ಇರಲಿಲ್ಲ. ಊರ ಹೊರಗಿನ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ಮುಂದೆ ಶಟ್ಟೆಪ್ಪನ ಖಾಲಿ ಟ್ರೇಲರು. ಅದರ ಹಿಂಬದಿಯ ತಗಡಿನ ಮೇಲೆ, ಇಂಗ್ಲಿಷ್ ಬಾರದವನು ನೋಡಿ ನೋಡಿ ಇಳಿಸಿಕೊಂಡ ಸೊಟ್ಟ ಅಕ್ಷರಗಳಲ್ಲಿ ಅವೇ ಎರಡು ಸಾಲುಗಳು, ಅವನದೊಂದು, ಅವಳದೊಂದು.

ಡ್ರೈವರು ದಾರಿಗಾಗಿ ಹಾರ್ನ್ ಹೊಡೆಯುತ್ತಲೇ ಇದ್ದ. ಗಂಗಾಳಿಗೆ ಅವಸರವಿರಲಿಲ್ಲ. ಒಂಬತ್ತಕ್ಕೆ ಇನ್ನೂ ಹೊತ್ತಿತ್ತು, ಗೇಟಿನ ಹತ್ತಿರ ನಿಂತಿರುತ್ತೇನೆ ಎಂದವನು ನಿಂತಿರುತ್ತಾನೆಂದು ಅವಳಿಗೆ ಗೊತ್ತಿತ್ತು.