ಸೋಪಿನ ಮೇಲಿನ ಹುಡುಗಿ

ಹುಲ್ಲಹಳ್ಳಿ ಸಂತೆಯಿಂದ ಬಂದ ಮರಿತಾಯಮ್ಮ ಬದನೆಕಾಯಿ ಚೀಲವನ್ನು ಬ್ಯೂಟಿ ಪಾರ್ಲರಿನ ಬಾಗಿಲಲ್ಲೇ ದೊಪ್ಪೆಂದು ಇಳಿಸಿದರು. ಆಮೇಲೆ ಚೀಲದೊಳಗೆ ಕೈ ಹಾಕಿ ಒಂದು ಸೋಪು ತೆಗೆದು ಮಗಳ ಮೂಗಿನ ಮುಂದೆ ಹಿಡಿದರು.

"ಇದ್ಯಾರಮ್ಮಿ?"

ಪವಿತ್ರಾ ನೋಡಿದಳು. ಸೋಪಿನ ಲೇಬಲ್ಲಿನ ಮೇಲೆ ಬೇವಿನ ಎಲೆಗಳು, ಎಲೆಗಳ ನಡುವೆ ದುಂಡನೆಯ ಒಂದು ಚಿತ್ರ, ಚಿತ್ರದೊಳಗೆ ಹಲ್ಲು ಬಿಟ್ಟು ನಗುತ್ತಿರುವ ಪವಿತ್ರಾ. ಮೇಲೆ 'ಸೊಗಡು ನ್ಯಾಚುರಲ್ ಸೋಪು' ಎಂದಿತ್ತು. ಕೆಳಗೆ, 'ಹುಟ್ಟು ಚೆಲುವಿಗೆ ಹಳ್ಳಿಯ ಸೋಪು'.

"ಜವರಮ್ಮನ ಅಂಗ್ಡಿ ಗೂಡಲ್ಲಿ ಸಾಲಾಗಿ ಕೂರ್ಸವ್ಳೆ ನಿನ್ನ. ನಾನು ಬೆಲ್ಲ ತಗಳಕ್ಕೋದ್ರೆ ನನ್ ಮಗಳೇ ನನ್ ನೋಡ್ಕಂಡು ನಗ್ತಾವ್ಳೆ! ಊರ್ ಜನೆಲ್ಲ ನಿನ್ ಮಖಾನ ಬಚ್ಚಲಲ್ಲಿ ಮಡಿಕ್ಕಂಡು ನೀರು ಉಯ್ಕತಾವ್ರಲ್ಲಮ್ಮಿ! ಮದ್ವೆ ಆಗ್ಬೇಕಾದ ಎಣ್ಣಲ್ವಾ ನೀನು?"

ಪವಿತ್ರಾಗೆ ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ಈ ಭೂಮಿಯ ಮೇಲೆ ಅವಳ ತಲೆ ಚಿಟ್ಟು ಹಿಡಿಸುವ ಶಕ್ತಿ ಇದ್ದದ್ದು ಒಬ್ಬನಿಗೇ.

ಮಧುಕುಮಾರ್ ಹೆಮ್ಮಿಗೆಯವನು. ತಿ. ನರಸೀಪುರದಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದು ಸೋಪು, ಸೀಗೆಪುಡಿ, ಮುಖದ ಲೇಪ ಎಲ್ಲ ಮಾಡುತ್ತಿದ್ದ. ಪ್ರತಿ ಗುರುವಾರ ಸ್ಕೂಟರಿನ ಹಿಂದೆ ಡಬ್ಬ ಕಟ್ಟಿಕೊಂಡು ನಂಜನಗೂಡಿಗೆ ಬಂದು ಅವಳ ಪಾರ್ಲರಿನ ಹೊಸ್ತಿಲಲ್ಲಿ ನಿಲ್ಲುತ್ತಿದ್ದ. ಗಂಡಸರಿಗೆ ಒಳಗೆ ಪ್ರವೇಶವಿಲ್ಲ. ಅವನು ಹೊಸ್ತಿಲು ದಾಟಿದವನೂ ಅಲ್ಲ. ಒಳಗೆ ಕೆಲಸ ಮಾಡುತ್ತಿದ್ದ ಅವಳ ಬೆನ್ನು ಅವನಿಗೆ, ಮುಖ ಕನ್ನಡಿಗೆ. ಹಾಗಾಗಿ ಒಂದು ವರ್ಷದಿಂದ ಅವರಿಬ್ಬರೂ ಕನ್ನಡಿಯೊಳಗೇ ಜಗಳವಾಡುತ್ತಿದ್ದರು.

"ಹೊಸ ಲೇಪ ಮೇಡಂ. ಪೂರ್ತಿ ನ್ಯಾಚುರಲ್ಲು. ಯಾರಿಗೂ ಏನೂ ಆಗಲ್ಲ."

"ತುರಚೆ ಸೊಪ್ಪೂ ನ್ಯಾಚುರಲ್ಲೇ ಕಣ್ರೀ. ಮುಖಕ್ಕೆ ತಿಕ್ಕೊಂಡು ಬನ್ನಿ, ನೋಡ್ತೀನಿ."

ಅವನ ಕಿವಿ ಕೆಂಪಾಗುತ್ತಿತ್ತು. ಅದನ್ನು ಕನ್ನಡಿಯಲ್ಲಿ ನೋಡಿ, ನೋಡದವಳ ಹಾಗೆ ಅವಳು ದಾರ ಹಲ್ಲಲ್ಲಿ ಕಚ್ಚಿ ಗಿರಾಕಿಯ ಹುಬ್ಬಿಗೆ ಬಗ್ಗುತ್ತಿದ್ದಳು.

"ಕೆಮಿಕಲ್ ಇಲ್ಲವೇ ಇಲ್ಲ ಅಂತ ಬರೆದಿದ್ದೀರಲ್ಲ, ಎಣ್ಣೆ ಸೋಪಾಗೋಕೆ ಕಾಸ್ಟಿಕ್ ಸೋಡಾ ಹಾಕ್ಲೇಬೇಕಲ್ವಾ? ಅದು ನಿಮ್ಮ ಹೆಮ್ಮಿಗೇಲಿ ಯಾವ ಮರದಲ್ಲಿ ಬಿಡ್ತದೆ?"

ಬೇರೆ ಯಾರಾದರೂ ಆಗಿದ್ದರೆ ಸಿಟ್ಟಾಗುತ್ತಿದ್ದರು. ಇವನು ಮುಂದಿನ ಗುರುವಾರ ಲೇಬಲ್ ತಿದ್ದಿಸಿಕೊಂಡು ಬರುತ್ತಿದ್ದ. ಒಂದು ವಾರ ಒಳಗೆ ಹಾಕಿದ್ದನ್ನೆಲ್ಲ ಬಿಡದೆ ಅಚ್ಚು ಹಾಕಿಸಿದ್ದ. ಇನ್ನೊಂದು ವಾರ ತಯಾರಾದ ತಾರೀಖು. ಅವಳು ಬೈದ ಮೇಲೆ 'ಬೆಳ್ಳಗಾಗುತ್ತೀರಿ' ಎನ್ನುವ ಸಾಲನ್ನು ತೆಗೆದೇ ಹಾಕಿದ್ದ. ಜಗಳಕ್ಕೆ ಬಂದವಳಿಗೆ ಜಗಳವೇ ಸಿಗದಂತೆ ಮಾಡುವ ಇಂಥವನ ಜೊತೆ ಏಗುವುದಾದರೂ ಹೇಗೆ? ಬುಧವಾರ ರಾತ್ರಿಯೇ ಮಾರನೆ ದಿನ ತೊಡುವ ಚೂಡಿದಾರ್ ಯಾವುದೆಂದು ಯೋಚಿಸುತ್ತಿದ್ದ ತನ್ನ ಮೇಲೂ ಅವಳಿಗೆ ಸಿಟ್ಟು ಬರುತ್ತಿತ್ತು.

ಈಗ ಈ ಸೋಪು.

"ಇವತ್ತು ಗುರುವಾರ ಅಲ್ವಾ, ಬತ್ತಾನೆ," ಎಂದರು ಮರಿತಾಯಮ್ಮ, ಚೀಲ ಎತ್ತಿಕೊಳ್ಳುತ್ತಾ. "ನೀನೇ ಮಾತಾಡು. ನಾನಿದ್ರೆ ಪೊರಕೆ ತಗತೀನಿ."

ಅವನು ಬಂದ. ಹೆಲ್ಮೆಟ್ ತೆಗೆದು, ಕೂದಲು ಸರಿಮಾಡಿಕೊಂಡು, ಡಬ್ಬ ಇಳಿಸಿ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತು, ಬಹುಮಾನ ಸಿಗುವ ಹುಡುಗನಂತೆ ಕನ್ನಡಿಯೊಳಗೆ ನಕ್ಕ. ಪಾರ್ಲರಿನಲ್ಲಿ ಬೇರೆ ಯಾರೂ ಇರಲಿಲ್ಲ.

"ನೋಡಿದ್ರಾ ಮೇಡಂ? ಹೆಂಗ್ ಬಂದಿದೆ?"

"ಯಾರನ್ನ ಕೇಳಿ ಹಾಕಿದ್ರಿ?"

"ನಿಮ್ಮನ್ನೇ." ನಗು ಅರ್ಧಕ್ಕೆ ನಿಂತಿತು. ಫೋನು ತೆಗೆದು ಕೈ ಚಾಚಿದ, ಅವಳು ಹಿಂದೆ ನೋಡದೆಯೇ ಇಸಿದುಕೊಂಡಳು. ಹೋದ ತಿಂಗಳ ವಾಟ್ಸಾಪು. ಗುಡ್ ಮಾರ್ನಿಂಗ್ ಹೂವು, ಅದರ ಕೆಳಗೆ ನಂಜುಂಡೇಶ್ವರನ ದರ್ಶನ, ಅದರ ಕೆಳಗೆ 'ನಿಮ್ಮ ಡಿಪಿ ಫೋಟೋ ಲೇಬಲ್‌ಗೆ ಹಾಕಲೇ?', ಅದರ ಕೆಳಗೆ ಇನ್ನೊಂದು ಹೂವು. ಎಲ್ಲದಕ್ಕೂ ಸೇರಿಸಿ ಅವಳು ಒತ್ತಿದ್ದ ಒಂದು ಹೆಬ್ಬೆಟ್ಟು.

ಪವಿತ್ರಾಗೆ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಈ ಮನುಷ್ಯ ಕಳಿಸುವ ಹೂವುಗಳನ್ನು ಒಂದೊಂದಾಗಿ ಓದುತ್ತಾ ಕೂತರೆ ಪಾರ್ಲರ್ ಬಾಗಿಲು ಹಾಕಿಕೊಂಡು ಹೋಗಬೇಕು.

"ಹೂವಿನ ಮಧ್ಯ ಯಾರಾದ್ರೂ ಇಂಥ ವಿಷ್ಯ ಕೇಳ್ತಾರೇನ್ರೀ? ಎದುರಿಗೆ ನಿಂತು ಕೇಳೋಕೆ ಬಾಯಿರಲಿಲ್ವಾ?"

"ಎದುರಿಗೆ ಕೇಳಿದ್ರೆ ಬೈತೀರಾ ಅಂತ..."

"ಈಗ ಮುದ್ದು ಮಾಡ್ತಿದೀನಾ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು ಮೇಡಂ. ಅಂಗಡಿಗಳಿಗೆ ಹೋಗಿ ಎಲ್ಲ ವಾಪಸ್ ತರ್ತೀನಿ. ಆದ್ರೆ ಸುಳ್ಳು ಏನೂ ಬರೆಸಿಲ್ಲ ನಾನು. ಹುಟ್ಟು ಚೆಲುವು ಅಂದ್ರೆ ನನಗೆ ನಿಮ್ಮ ಮುಖಾನೇ ನೆನಪಾಗೋದು."

ಬೇರೆ ಹುಡುಗಿಯಾಗಿದ್ದರೆ ಆ ಮಾತಿಗೆ ಕರಗಿ ನೀರಾಗುತ್ತಿದ್ದಳು. ಪವಿತ್ರಾಗೆ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಅವನು ನೋಡಿದ್ದ ಆ ಮುಖ ಅವಳದಾಗಿರಲಿಲ್ಲ.

ಮೂರು ವರ್ಷದ ಹಿಂದೆ ಮಂಡ್ಯದ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. 'ಹುಡುಗಿ ಚೂರು ಕಪ್ಪು' ಎಂದು ಯಾರೋ ಅಂದರಂತೆ. ಚಿಕ್ಕಮ್ಮ ಎಲ್ಲಿಂದಲೋ ಒಂದು ಕ್ರೀಮಿನ ಡಬ್ಬಿ ತಂದುಕೊಟ್ಟಳು. ಅದರ ಮೇಲೆ ಹೆಸರಿಲ್ಲ, ಊರಿಲ್ಲ. ಮೊದಮೊದಲು ಮುಖ ಬೆಳ್ಳಗೆ ಹೊಳೆಯಿತು, ಮನೆಯವರೆಲ್ಲ ಹಿಗ್ಗಿದರು. ಹಚ್ಚುವುದು ನಿಲ್ಲಿಸಿದ್ದೇ ತಡ, ಕೆನ್ನೆ ಎರಡೂ ಮೆಣಸಿನಕಾಯಿ ಅರೆದು ಬಳಿದಂತಾದವು. ಮೈಸೂರಿನ ಡಾಕ್ಟರು ಡಬ್ಬಿ ನೋಡಿ, ಸ್ಟೀರಾಯ್ಡ್ ಕಲೆಸಿರಬೇಕು, ಚರ್ಮ ತೆಳ್ಳಗಾಗಿದೆ, ಸುಧಾರಿಸಲು ವರ್ಷಗಳೇ ಬೇಕು ಎಂದರು. ಮಂಡ್ಯದವರು ಬರಲೇ ಇಲ್ಲ.

ಅವತ್ತಿನಿಂದ ಅವಳ ಪಾರ್ಲರಿನಲ್ಲಿ ಲೇಬಲ್ ಇಲ್ಲದ ಡಬ್ಬಿಗೆ ಜಾಗವಿಲ್ಲ. ಮದುವೆ ಹೆಣ್ಣಾದರೂ ಸರಿ, ಮೊದಲು ಕಿವಿಯ ಹಿಂದೆ ಹಚ್ಚಿ, ಒಂದು ದಿನ ಕಾದು, ಆಮೇಲೆ ಮುಖಕ್ಕೆ. ಊರಿಗೆಲ್ಲ ಈ ಬುದ್ಧಿ ಹೇಳುವವಳು ತಾನು ಮಾತ್ರ ಬೆಳಗಾದರೆ ಡಾಕ್ಟರು ಒಪ್ಪಿದ ಸನ್‌ಸ್ಕ್ರೀನು, ಅದರ ಮೇಲೆ ವಾಸನೆಯಿಲ್ಲದ ಫೌಂಡೇಶನ್ನು ಬಳಿದುಕೊಂಡೇ ಬಾಗಿಲು ತೆರೆಯುತ್ತಿದ್ದಳು. ಮುಖ ಕಂಡವರೆಲ್ಲರ ಹತ್ತಿರವೂ ಒಂದು ಔಷಧಿ ಇರುತ್ತಿತ್ತಲ್ಲ, ಅದೇ ಅವಳಿಗೆ ಸಾಕಾಗಿದ್ದು. ಲೋಳೆಸರ ಹಚ್ಚು, ಪರಂಗಿ ಹಚ್ಚು, ಗಂಧ ತೇಯ್ದು ಹಚ್ಚು. ಅವಳನ್ನು ಮಾತಾಡಿಸುವುದು ಬಿಟ್ಟು ಅವಳ ಕೆನ್ನೆಯನ್ನು ಮಾತಾಡಿಸುವ ಜನ.

ಇವನಂತೂ ಔಷಧಿಯ ಅಂಗಡಿಯನ್ನೇ ಸ್ಕೂಟರಿಗೆ ಕಟ್ಟಿಕೊಂಡು ತಿರುಗುವವನು. ಇವನೂ ಅದನ್ನೇ ಅಂದರೆ? ಅಂದರೆ ಮುಗಿಯಿತು. ಗುರುವಾರವೂ ಮುಗಿಯಿತು, ಈ ಜಗಳವೂ ಮುಗಿಯಿತು.

"ಹುಟ್ಟು ಚೆಲುವು ನೋಡ್ಬೇಕಾ? ನಿಲ್ಲಿ."

ಹತ್ತಿಗೆ ಕೊಬ್ಬರಿ ಎಣ್ಣೆ ಅದ್ದಿ ಹಣೆಯಿಂದ ಶುರುಮಾಡಿದಳು. ಕೆನ್ನೆಗೆ ಬಂದಾಗ ಹತ್ತಿಯನ್ನು ಮೆಲ್ಲಗೆ ಒತ್ತಿದಳು. ಒರೆಸಿ ಮುಗಿಸಿ, ಕನ್ನಡಿ ಬಿಟ್ಟು ನೇರ ಅವನ ಕಡೆ ತಿರುಗಿದಳು. ಒಂದು ವರ್ಷದಲ್ಲಿ ಹಾಗೆ ತಿರುಗಿದ್ದು ಅದೇ ಮೊದಲು.

"ಇದು ನಾನು. ಲೇಬಲ್ ಮೇಲಿರೋದು ಫೌಂಡೇಶನ್ನು."

ಅವನು ನೋಡಿದ. ಕೆನ್ನೆಯ ಕೆಂಪು, ಚರ್ಮದಡಿ ಹರಡಿದ ಸಣ್ಣ ನರಗಳು, ಮೂಗಿನ ಪಕ್ಕದ ಕಪ್ಪು ಕಲೆ. ಕಣ್ಣು ತಪ್ಪಿಸಲಿಲ್ಲ, ಹಾಗೆಂದು ಕೆಕ್ಕರಿಸಲೂ ಇಲ್ಲ. ಕೈ ತಾನಾಗಿಯೇ ಡಬ್ಬದ ಮುಚ್ಚಳದ ಮೇಲೆ ಹೋಯಿತು. ಬಂತು, ಈಗ ಬಂತು ಎಂದು ಅವಳು ಹಲ್ಲು ಕಚ್ಚಿದಳು. ಅವನು ಮುಚ್ಚಳ ತೆರೆಯಲಿಲ್ಲ.

"ಉರೀತದಾ?" ಎಂದು ಕೇಳಿದ.

ಮೂರು ವರ್ಷದಲ್ಲಿ ಅದನ್ನು ಡಾಕ್ಟರು ಬಿಟ್ಟರೆ ಯಾರೂ ಕೇಳಿರಲಿಲ್ಲ.

"ಬಿಸಿಲಿಗೆ ಹೋದ್ರೆ ಉರೀತದೆ. ಒಗ್ಗದಿರೋದು ಏನಾದ್ರೂ ಹಾಕಿದ್ರೆ ಉರೀತದೆ."

"ನನ್ನ ಸೋಪು ಹಾಕಿದ್ರಾ?"

"ಒಂದ್ಸಲ."

"ಉರೀತಾ?"

"ರಾತ್ರಿಯೆಲ್ಲ."

"ಮತ್ತೆ ಚೆನ್ನಾಗಿದೆ ಅಂದ್ರಲ್ಲ! ಸೋಪು ಹೆಂಗಿದೆ ಮೇಡಂ ಅಂದಾಗ, ತುಂಬ ಚೆನ್ನಾಗಿದೆ ಅಂದ್ರಿ. ವರ್ಷದಲ್ಲಿ ನೀವು ಹೊಗಳಿದ್ದು ಅದೊಂದೇ."

"ಅಷ್ಟು ಆಸೆಯಿಂದ ಕೇಳಿದ್ರಿ ನೀವು." ಅವಳ ದನಿ ತಾನೇ ಇಳಿಯಿತು. "ನಿಮ್ಮ ಮುಖ ನೋಡ್ಕೊಂಡು ಉರೀತು ಅನ್ನೋಕೆ ಆಗ್ಲಿಲ್ಲ ನನಗೆ."

ಎಲ್ಲದರಲ್ಲೂ ಹುಳುಕು ಹುಡುಕುವ ಹೆಣ್ಣು ಒಂದೇ ಒಂದು ಸುಳ್ಳು ಹೇಳಿದ್ದಾಳೆಂದರೆ ಅದರ ಅರ್ಥ ಏನು ಎಂದು ತಿಳಿಯಲು ಮಧುಕುಮಾರನಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನ ಕಿವಿಯ ಜೊತೆ ಕುತ್ತಿಗೆಯೂ ಕೆಂಪಾಯಿತು.

"ಹಂಗಾದ್ರೆ ಇನ್ಮೇಲೆ ನೀವು ನನ್ನ ಸಾಮಾನು ಯಾವುದೂ ಮುಟ್ಬೇಡಿ," ಎಂದ ಗಂಭೀರವಾಗಿ. "ಸೋಪು, ಲೇಪ, ಯಾವುದೂ ಬೇಡ. ಡಾಕ್ಟರು ಕೊಟ್ಟಿದ್ದೇ ಹಾಕಿ. ಯಾರಿಗೂ ಏನೂ ಆಗಲ್ಲ ಅಂತ ಬಾಯಿ ಬಡ್ಕೊಂಡು ತಿರುಗ್ತಿದ್ನಲ್ಲ, ನನಗೆ ಬುದ್ಧಿ ಇಲ್ಲ."

ವ್ಯಾಪಾರಿ ಬಾಯಲ್ಲಿ ಬರುವ ಮಾತೇ ಅದು? ಪ್ರೀತಿಯ ಮಾತುಗಳನ್ನು ಪವಿತ್ರಾ ಗಿರಾಕಿಗಳ ಬಾಯಲ್ಲಿ ಬೇಕಾದಷ್ಟು ಕೇಳಿದ್ದಳು. ತನ್ನ ಸರಕನ್ನು ಮುಟ್ಟಬೇಡ ಎಂದ ಗಂಡಸನ್ನು ಕೇಳಿರಲಿಲ್ಲ. ಅಳು ಬಂದರೆ ಕಣ್ಣೀರು ಕೆನ್ನೆಗೆ ತಾಗಿ ಅದೂ ಉರಿಯುತ್ತದೆಂದು ನೆನಪಾಗಿ, ಅಳದೆ ಬೈದಳು.

"ಸುಮ್ನೆ ನಿಂತಿದ್ದೀರಲ್ಲ, ಸೋಪು ವಾಪಸ್ ತರಲ್ವಾ? ನಡೀರಿ, ನಾನೂ ಬರ್ತೀನಿ. ನಿಮ್ಮನ್ನ ಒಬ್ಬರನ್ನೇ ಕಳಿಸಿದ್ರೆ ಇನ್ನೇನು ಅನಾಹುತ ಮಾಡ್ಕೊಂಡು ಬರ್ತೀರೋ."

ಸನ್‌ಸ್ಕ್ರೀನ್ ಒಂದನ್ನೇ ಹಚ್ಚಿಕೊಂಡು, ದುಪಟ್ಟಾ ಸುತ್ತಿಕೊಂಡು ಸ್ಕೂಟರ್ ಹತ್ತಿದಳು. ದಾರಿಯಲ್ಲಿ ಎರಡು ಕಡೆಯೂ ಗದ್ದೆ, ಕಬ್ಬು. ಸೋಪಿನ ಡಬ್ಬ ಇಬ್ಬರ ನಡುವೆ ಗಟ್ಟಿಯಾಗಿ ಕೂತಿತ್ತು. ಅವಳು ಒಂದೆರಡು ಸಲ ಅದನ್ನು ಶಪಿಸಿದಳು.

ಹುಲ್ಲಹಳ್ಳಿಯ ಜವರಮ್ಮ ಅಂಗಡಿ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಸೋಪು ವಾಪಸ್ ಎಂದಾಗ ಅವಳಿಗೆ ಒಪ್ಪಿಗೆಯಾಗಲಿಲ್ಲ.

"ಯಾಕ್ಲಾ? ಸಂದಾಗಿ ಓಯ್ತಾ ಅದೆ. ಸೋಪ್ ಮೇಲಿರೋ ಎಣ್ಣಿನ ಮಖ ನೋಡ್ಕಂಡೇ ತಗತಾವ್ರೆ ಜನ."

ಸೆಕೆಗೆ ಪವಿತ್ರಾ ದುಪಟ್ಟಾ ಸರಿಸಿದಳು. ಜವರಮ್ಮ ಅವಳನ್ನು ನೋಡಿದಳು, ಸೋಪು ನೋಡಿದಳು, ಮತ್ತೆ ಅವಳನ್ನು ನೋಡಿದಳು.

"ನಿನ್ ತಂಗಿಯೇನವ್ವಾ ಇದ್ರಲ್ಲಿರೋಳು?"

ಪವಿತ್ರಾ ಬಾಯಿ ತೆರೆಯುವ ಮೊದಲೇ ಮಧುಕುಮಾರ್ ಹೇಳಿದ. "ಅಲ್ಲ ಕಣಜ್ಜಿ. ಆ ಫೋಟೋದಲ್ಲಿರೋರು ನಂಗೂ ಅಷ್ಟಾಗಿ ಗೊತ್ತಿಲ್ಲ. ನಾನು ಮದ್ವೆ ಆಗ್ಬೇಕು ಅಂತಿರೋದು ಇವ್ರನ್ನ."

ಅಂಗಡಿ ಮುಂದೆ ನಿಂತಿದ್ದವರು ತಿರುಗಿದರು. ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿದರು.

"ರೀ! ಅದನ್ನ ನನ್ನ ಕೇಳ್ರೀ! ಬೆಲ್ಲ ತಗೊಳ್ಳೋಕೆ ಬಂದೋರಿಗೆಲ್ಲ ಹೇಳ್ತಿದ್ದೀರಲ್ಲ!"

"ಹೂಂ, ಕೇಳ್ತಿದೀನಿ. ಎದುರಿಗೇ ನಿಂತು ಕೇಳ್ತಿದೀನಿ. ಮದ್ವೆ ಆಗ್ತೀರಾ?"

ಇಂಥ ಜಾಗದಲ್ಲಿ, ಒಂದು ಕಡೆ ಬೆಲ್ಲದ ನೊಣ, ಇನ್ನೊಂದು ಕಡೆ ಬಸ್ಸಿನ ಹಾರನ್ನು. ಆದರೂ ಅವಳಿಗೆ ಸಂತೋಷವಾಯಿತು. ತನ್ನ ಮುಖ ಎಲ್ಲರಿಗೂ ಕಾಣುತ್ತಿದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

"ಆಗ್ತೀನಿ. ಆದ್ರೆ ಒಂದು ಮಾತು. ಅರಿಶಿನ ಹಚ್ಚೋ ಶಾಸ್ತ್ರದ ದಿನ ನನ್ನ ಮುಖಕ್ಕೆ ಯಾರೂ ಕೈ ಹಾಕಂಗಿಲ್ಲ. ನಿಮ್ಮ ಕಡೆ ಅತ್ತೆ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲ ಸಾಲಾಗಿ ಬಂದು ಮೆತ್ತಿದ್ರೆ ನಾನು ತಾಳಿ ಕಟ್ಟಿಸ್ಕೊಳ್ಳೋದು ಆಸ್ಪತ್ರೇಲೇ. ಅದನ್ನ ನಿಮ್ಮವ್ವನಿಗೆ ನೀವೇ ಹೇಳ್ಬೇಕು."

ಮಧುಕುಮಾರನ ಮುಖ ಮೊದಲ ಸಲ ಇಳಿಯಿತು. "ನಮ್ಮವ್ವಂಗಾ?"

"ನಿಮ್ಮವ್ವಂಗೆ."

ಅವನು ಅಂಗಿಗೆ ಕೈ ಒರೆಸಿಕೊಂಡ. ಆಮೇಲೆ ಅಲ್ಲೇ ಫೋನು ತೆಗೆದು ಹೆಮ್ಮಿಗೆಗೆ ಮಾಡಿದ. ಅವ್ವನಿಗೆ ಕಿವಿ ಮಂದ. ಸ್ಪೀಕರ್ ಹಾಕಿ ಕೂಗಬೇಕಾಯಿತು.

"ಅವ್ವಾ, ಅರಿಶಿನ ಮುಖಕ್ಕೆ ಹಚ್ಚಂಗಿಲ್ಲ!"

"ಏನ್ಲಾ?"

"ಅರಿಶಿನ! ಪಾದಕ್ಕೆ ಮಾತ್ರ! ಮುಖಕ್ಕೆ ಬೇಡ! ಅತ್ತೇರಿಗೂ ಹೇಳ್ಬುಡು!"

"ಮಖಕ್ ಅಚ್ದೆ ಅದೆಂಗ್ಲಾ ಶಾಸ್ತ್ರ ಆದದು? ನಮ್ಮ ವಂಶ್ದಲ್ಲಿ ಇಲ್ದಿದ್ದು!"

"ಇಲ್ದಿದ್ರೆ ಇರ್ಲಿ ಅವ್ವ. ಅವ್ರಿಗೆ ಉರೀತದೆ. ಉರಿಯೋದಾದ್ರೆ ಶಾಸ್ತ್ರ ಬೇಡ ನಂಗೆ. ನೀನು ಕೋಪ ಮಾಡ್ಕಂಡ್ರೂ ಸರಿಯೇ."

ಹೀಗೇ ಅವ್ವ ಮಗ ವಾದ ಮಾಡಿದರು. ಕುಲದೇವರು ಬಂದು ಹೋಯಿತು, ತೀರಿಹೋದ ಅಜ್ಜಿ ಬಂದು ಹೋದಳು. ಅವನು ಬೆವೆತ, ತಡವರಿಸಿದ, ಆದರೆ ಪಾದದಿಂದ ಒಂದು ಬೆರಳೂ ಮೇಲೆ ಬರಲಿಲ್ಲ. ಕೊನೆಗೆ ಆ ಕಡೆ ದೊಡ್ಡದೊಂದು ನಿಟ್ಟುಸಿರು ಕೇಳಿತು.

"ಆಯ್ತು ಬುಡಪ್ಪ, ಪಾದಕ್ಕೇ ಅಚ್ಚನ. ಅದ್ಸರಿ, ಯಾರ್ ಮದ್ವೇಲಾ ಅದು?"

ಪವಿತ್ರಾ ಕಣ್ಣು ಮುಚ್ಚಿ ತೆರೆದಳು. ಇಷ್ಟು ಹೊತ್ತು ಕಿರುಚಿದ ಮಹಾನುಭಾವ ಹುಡುಗಿಯ ಹೆಸರಿರಲಿ, ಮದುವೆಯ ಸುದ್ದಿಯನ್ನೇ ಹೇಳಿರಲಿಲ್ಲ. ಅವನು ಇನ್ನೂ ಮಾತು ಹುಡುಕುತ್ತಿರುವಾಗಲೇ ಅವಳು ಅವನ ಕೈಯಿಂದ ಫೋನು ಕಿತ್ತುಕೊಂಡಳು.

"ನಮ್ದೇ, ಅತ್ತೆ," ಎಂದಳು.