ಏಳನೆಯ ಕಾರ್ನೇಷನ್

ಕಾನ್‌ಸ್ಟಾಂಟ್ಸಾ ಊರಲ್ಲಿ ದೇವರು, ರಾಜಕೀಯ, ಮೀನಿನ ದರ ಎಲ್ಲದರಲ್ಲೂ ಭಿನ್ನಾಭಿಪ್ರಾಯ ನಡೆಯುತ್ತದೆ. ಹೂವಿನ ಲೆಕ್ಕದಲ್ಲಿ ನಡೆಯುವುದಿಲ್ಲ. ಬದುಕಿದವರಿಗೆ ಬೆಸ, ಸತ್ತವರಿಗೆ ಸಮ. ಹೀಗಿರುವಾಗ, ತಿಬೆರಿಯು ತಂದ ಏಳು ಕಾರ್ನೇಷನ್‌ಗಳಲ್ಲಿ ಒಂದನ್ನು ಅವನ ಗೆಳತಿ ದೆಸ್ಪಿನಾ ಎಳೆದು ಮೇಜಿನ ಮೇಲಿಟ್ಟದ್ದು ಸಾಮಾನ್ಯ ಸಂಗತಿಯಲ್ಲ.

ಟೆಸ್ಟಿನಲ್ಲಿ ಏನೂ ಇಲ್ಲವೆಂದು ಬಂದ ಸಂಭ್ರಮಕ್ಕೆ ಅವನು ತಂದಿದ್ದ. ಇಬ್ಬರೂ ಹಸುಗೂಸಾಗಿದ್ದಾಗಲೇ ಆಸ್ಪತ್ರೆಯ ಸೂಜಿಯಿಂದ ಎಚ್‌ಐವಿ ಪಡೆದವರು, ಒಂದೇ ವಾರ್ಡಿನಲ್ಲಿ ಬೆಳೆದವರು. ಶಾಲೆಯ ಮೆಟ್ಟಿಲೂ ಹತ್ತಲಾರರು ಎಂದವರ ಮಾತು ಮೀರಿ ನಲವತ್ತರ ಹತ್ತಿರ ಬಂದವರು. ಈಚೆಗೆ ರಕ್ತಪರೀಕ್ಷೆಯಲ್ಲಿ ಅವನ ಲಿವರ್ ಅಂಕಿ ಏಕಾಏಕಿ ಏರಿತ್ತು. ಹೆಪಟೈಟಿಸ್ ಸಿ ಟೆಸ್ಟ್ ಮಾಡಿದರು, ಇಲ್ಲವೆಂದು ಬಂತು. ಕುಡಿತ ಕಡಿಮೆ ಮಾಡು ಎಂದು ಡಾಕ್ಟರಮ್ಮ ಬುದ್ಧಿ ಹೇಳಿದರು. ಅವನು ಕುಡಿಯುತ್ತಿದ್ದದ್ದು ದೆಸ್ಪಿನಾ ಕಾಸಿದ ಪುದೀನ ಚಹಾ.

“ಇದೇನೇ, ನಾನಿನ್ನೂ ಸತ್ತಿಲ್ಲ,” ಎಂದ, ಆರು ಹೂ ನೋಡಿ.

“ಅಂಗಿ ತೋಳು ಮೇಲೇರಿಸು.”

ಏರಿಸಿದ. ಅಲ್ಲಿ ನೀಲಿ ಅಕ್ಷರದಲ್ಲಿ ಅವಳದೇ ಹೆಸರಿತ್ತು. ಹೋದ ತಿಂಗಳು ಗೆಳೆಯನ ಅಡುಗೆಮನೆಯಲ್ಲಿ ಚುಚ್ಚಿಸಿಕೊಂಡದ್ದು. ಅವತ್ತು ಅವಳ ಕಣ್ಣು ಒದ್ದೆಯಾಗಿದ್ದು ನಿಜ. ಆ ಸೂಜಿ ಮೊದಲು ಯಾರ ಮೈಮೇಲೆ ಓಡಾಡಿತ್ತೋ ಎಂಬ ಪ್ರಶ್ನೆ ಅವಳಿಗೆ ಹೊಳೆದದ್ದು ಈಗ.

“ಆ ಟೆಸ್ಟ್ ವೈರಸ್ಸನ್ನ ಹುಡುಕಲ್ಲ ಕಣೋ. ಮೈ ಅದರ ಜೊತೆ ಜಗಳಕ್ಕೆ ಬಿದ್ದ ಗುರುತು ಹುಡುಕುತ್ತೆ. ನಮ್ಮಂಥೋರ ಮೈ ಜಗಳಕ್ಕೆ ಏಳೋದೇ ನಿಧಾನ.”

ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದಾಗ, ಆರು ತಿಂಗಳು ಬಿಟ್ಟು ನೋಡೋಣ ಎಂದರು ಡಾಕ್ಟರಮ್ಮ. ದೆಸ್ಪಿನಾ ಅವರ ಬಾಗಿಲೆದುರು ಕೂತು ಸೂರ್ಯಕಾಂತಿ ಬೀಜ ಬಿಡಿಸತೊಡಗಿದಳು. ವೈರಸ್ಸನ್ನೇ ನೇರವಾಗಿ ಹುಡುಕುವ ಟೆಸ್ಟ್ ಬರೆದುಕೊಡುವ ತನಕ ಏಳುವುದಿಲ್ಲ ಎಂದಳು. ನೀನೇನು ಡಾಕ್ಟರೇ ಎಂದು ಅವರು ಕೇಳಿದರು.

“ಅಲ್ಲಮ್ಮ, ರೋಗಿ. ಈ ಆಸ್ಪತ್ರೇಲಿ ನಿಮಗಿಂತ ಹಳಬಳು.”

ಸಿಪ್ಪೆಯ ರಾಶಿ ನೋಡಿ ಅವರು ಬರೆದುಕೊಟ್ಟರು. ಕೆಲವು ದಿನಕ್ಕೆ ಫಲಿತಾಂಶ ಬಂತು. ವೈರಸ್ ಇತ್ತು.

ಅಂದು ಸಂಜೆ ತಿಬೆರಿಯು ಬಹಳ ಗಂಭೀರವಾಗಿ, ಅವಳನ್ನು ತನ್ನಿಂದ ಬಿಡುಗಡೆ ಮಾಡುತ್ತಿದ್ದೇನೆ ಎಂದ. ನಿನಗೂ ತಗುಲಿದರೆ ಎಂದ. ಬೇರೆ ಯಾರನ್ನಾದರೂ ನೋಡಿಕೋ ಎಂದೂ ಸೇರಿಸಿದ, ಕಿಟಕಿಯ ಕಡೆ ತಿರುಗಿ.

“ಇದು ರಕ್ತದಿಂದ ಹರಡೋದು. ನಿನ್ನ ಗಡ್ಡದ ಬ್ಲೇಡು ನೀನೇ ಇಟ್ಕೋ. ಮಿಕ್ಕಿದ್ದಕ್ಕೆ ಕಾಂಡೋಮ್ ಇದೆ,” ಎಂದಳು. “ನನ್ನ ಹೆಸರು ತೋಳ ಮೇಲೆ ಹೊತ್ಕೊಂಡು ಎಲ್ಲಿಗೆ ಹೋಗ್ತೀಯೋ? ಯಾವಳು ಸೇರಿಸ್ಕೋತಾಳೆ?”

ಅವನು ನಕ್ಕುಬಿಟ್ಟ. ಅವಳು ಬಾಡಿದ ಏಳನೆಯ ಹೂವನ್ನು ಹೂದಾನಿಗೆ ಮರಳಿ ಸಿಕ್ಕಿಸಿ, ಆ ಹೆಸರಿನ ಮೇಲೆ ಕೆನ್ನೆಯಿಟ್ಟಳು.

ಅವನು ಮೂರು ತಿಂಗಳು ಮಾತ್ರೆ ನುಂಗಿದ. ಮತ್ತೆ ಮೂರು ತಿಂಗಳು ಕಾದು ನೋಡಿದಾಗ ವೈರಸ್ ಇರಲಿಲ್ಲ. ಇಬ್ಬರ ಮದುವೆಗೆ ಡಾಕ್ಟರಮ್ಮ ಹೂ ತಂದರು. ದೆಸ್ಪಿನಾ ಎಣಿಸಿದಳು. ಬೆಸವೇ ಇತ್ತು.